ಉಂಡವರ ಹಸಿವು

ಒಂದೇ ಒಂದು ಈರುಳ್ಳಿಯಲ್ಲಿ ವಾರವಿಡೀ ಅಡುಗೆ ಮಾಡಿದ ಹೆಂಗಸು ಭೂಮಂಡಲದಲ್ಲಿ ಒಬ್ಬಳೇ, ಅವಳೇ ಚಿಟಿಕೆ. ನಂಬದವರು ಪಕ್ಕದ ಮನೆಯ ಟೈಲರಮ್ಮನನ್ನು ಕೇಳಬಹುದು. ಸೋಮವಾರ ಆ ಈರುಳ್ಳಿಯ ಒಣಸಿಪ್ಪೆ ಸಾರಿಗೆ ಬಣ್ಣ ಕೊಟ್ಟಿತು. ಮಂಗಳವಾರದಿಂದ ದಿನಕ್ಕೊಂದು ಪದರ ಕಳಚಿತು. ಭಾನುವಾರ ನಡುವಿನ ಹಸಿರು ಮೊಳಕೆಯನ್ನು ಹೆಚ್ಚಿ ಉದುರಿಸಿದಾಗ, “ಇವತ್ತೇನು ವಿಶೇಷ?” ಎಂದು ಗಂಡ ಬೆರಗಾಗಿ ಕೇಳಿದ. ಎಣ್ಣೆಯನ್ನೂ ಚಿಟಿಕೆಯಲ್ಲೇ ಹಾಕುವವಳು ಎಂದು ಅತ್ತೆ ಬೈಯಲು ಇಟ್ಟ ಹೆಸರದು. ಸೊಸೆ ಅದನ್ನು ಪದಕದಂತೆ ಎದೆಗೆ ಚುಚ್ಚಿಕೊಂಡು ಬೀದಿಯೆಲ್ಲ ಓಡಾಡಿದಳು.

ಆ ಕೈಚಳಕಕ್ಕೆ ನಿಜವಾದ ಪರೀಕ್ಷೆ ಬಂದದ್ದು ಕುಲುಮೆ ತಣ್ಣಗಾದ ಮೇಲೆ. ಗಂಡ ಬಾಟಲಿ ಕಾರ್ಖಾನೆಯಲ್ಲಿ ಫಿಟ್ಟರ್. ಹಗಲಿರುಳು ಉರಿಯುತ್ತಿದ್ದ ಅಲ್ಲಿನ ಕುಲುಮೆಯ ಕಾವಿಗೆ ಮೇಲೆ ಹಾರುವ ಕಾಗೆ ಬೆಂದು ಕೆಳಗೆ ಬೀಳುತ್ತಿತ್ತಂತೆ. ಅಂಥ ಕುಲುಮೆಯನ್ನು ಒಂದು ದಿನ ಆರಿಸಿದರು. ರಟ್ಟಿನ ಮೇಲೆ ‘ರಿಪೇರಿ’ ಎಂದು ಬರೆದು ಗೇಟಿಗೆ ತೂಗುಹಾಕಿ ಬೀಗ ಜಡಿದರು. ಸಂಬಳ ನಿಂತಿತು. ಮನೆಯಲ್ಲಿ ಉಣ್ಣುವ ಬಾಯಿ ಐದು: ಗಂಡ, ಹೆಂಡತಿ, ಅತ್ತೆ, ಮಾವ, ಮತ್ತು ಶಾಲೆಗೆ ಹೋಗುವ ಮಗಳು ಗುಬ್ಬಿ. ಅಡುಗೆಮನೆಯಲ್ಲಿದ್ದದ್ದು ಅಕ್ಕಿ, ಬೇಳೆ, ಗೋಧಿಹಿಟ್ಟು, ಒಣಬಟಾಣಿ, ಒಂದು ಬುಟ್ಟಿ ಆಲೂಗಡ್ಡೆ, ಅರ್ಧ ಬಾಟಲಿ ಎಣ್ಣೆ, ಉಪ್ಪು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ನಾಲ್ಕು ಈರುಳ್ಳಿ. ಅಡುಗೆಮನೆಯೋ, ಒಳಗೆ ನಿಂತು ಜೋರಾಗಿ ಸೀನಿದರೆ ಸ್ಟವ್ ಆರಿಹೋಗುವಷ್ಟು ಕಿರಿದು.

“ಇಷ್ಟರಲ್ಲಿ ಎಷ್ಟು ದಿನ ತಳ್ತೀಯ?” ಎಂದು ಗಂಡ ಬಾಗಿಲಲ್ಲಿ ನಿಂತು ಕೇಳಿದ.

“ನೀವು ಕೆಲಸ ಹುಡುಕೋವರೆಗೂ ತಳ್ತೀನಿ. ನಿಧಾನಕ್ಕೆ ಹುಡುಕಬೇಡಿ ಅಷ್ಟೆ.”

ತಳ್ಳಿದಳು. ಹೇಗೆ ತಳ್ಳಿದಳೆಂದು ಕೇಳಿದರೆ ದೊಡ್ಡ ದೊಡ್ಡ ಹೋಟೆಲಿನ ಅಡುಗೆಯವರು ಸೌಟು ಕೆಳಗಿಟ್ಟು ಕೈಮುಗಿಯಬೇಕು. ಬೇಳೆಯನ್ನು ಬೆಳಿಗ್ಗೆಯೇ ನೆನೆಹಾಕಿ ಉಬ್ಬಿಸಿ, ನೀರು ಹೆಚ್ಚಿಗೆ ಹಾಕಿ ಬೇಯಿಸುವಳು. ಮೇಲಿನ ತಿಳಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿದರೆ ಒಂದು ಹೊತ್ತಿನ ಸಾರು. ತಳದ ಗಟ್ಟಿಗೆ ಹುರಿದ ಹಿಟ್ಟು ಸೇರಿಸಿ ತಟ್ಟಿದರೆ ಇನ್ನೊಂದು ಹೊತ್ತಿನ ರೊಟ್ಟಿ. ಅನ್ನ ಬಸಿದ ಗಂಜಿ ಚೆಲ್ಲಲಿಲ್ಲ, ಹಿಟ್ಟು ನಾದಲು ಅದೇ ಬಂತು. ಆಲೂಗಡ್ಡೆಯ ಸಿಪ್ಪೆಗೆ ಉಪ್ಪು ಖಾರ ಸವರಿ ಕಾವಲಿಯ ಮೇಲೆ ಗರಿಗರಿ ಮಾಡಿದಾಗ ಅತ್ತೆ ಕೂಡ ಎರಡನೇ ಸಲ ಕೈ ಚಾಚಿದರು. ಬಟಾಣಿ ಬೇಯಿಸಿದ ನೀರಲ್ಲಿ ಅಕ್ಕಿ ಬೇಯಿಸಿದಳು. ಈರುಳ್ಳಿಯನ್ನು ಕಪ್ಪಾಗುವ ಅಂಚಿಗೆ ತಂದು ಹುರಿದರೆ ಕಾಲು ಭಾಗ ಸಾಕು, ಮನೆ ತುಂಬ ಘಮ್ಮೆನ್ನುತ್ತದೆ ಎಂಬುದನ್ನು ಟೈಲರಮ್ಮನಿಗೆ ಕಲಿಸಿಕೊಟ್ಟವಳೂ ಇವಳೇ.

ಆದರೆ ಎಷ್ಟು ವೇಷ ಹಾಕಿದರೂ ಬೇಳೆ ಬೇಳೆಯೇ. ಒಂದು ಮಧ್ಯಾಹ್ನ ಗುಬ್ಬಿ ತಟ್ಟೆ ದೂಡಿದಳು.

“ಮತ್ತೆ ಬೇಳೇನಾ? ನಂಗೆ ಬೇಡ.”

“ತಿನ್ನೇ, ಅಹಂಕಾರದ ಮೂಟೆ,” ಎಂದರು ಅತ್ತೆ. “ನಿಮ್ಮಪ್ಪ ಬಾಟಲಿ ಕಾರ್ಖಾನೇಲಿ ದುಡಿದಿದ್ದು. ಖಾಲಿ ಬಾಟಲಿ ಮನೇಲಿ ಇನ್ನೇನು ಸಿಗುತ್ತೆ?”

“ಅಮ್ಮಾ, ಚುಚ್ಚೋದು ಸಾಕು,” ಎಂದ ಮಗ. ಹಾಗೆಂದವನ ತಲೆ ತಟ್ಟೆಯ ಮೇಲೆ ಬಾಗಿತು. ಮತ್ತೆ ಏಳಲಿಲ್ಲ.

ಆಗ ಮಾವ ಎದ್ದು ನಿಂತರು.

ಮಾವ ನಲವತ್ತು ವರ್ಷ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದವರು. ಎಡಗೈ ಮೇಲೆ ಮೊಣಕೈವರೆಗೆ ತಟ್ಟೆ ಪೇರಿಸಿ, ಬಲಗೈಯಲ್ಲಿ ಐದು ಲೋಟ ಸಿಕ್ಕಿಸಿ, ಇದ್ದಬದ್ದ ತಿಂಡಿ ಊಟದ ಪಟ್ಟಿಯನ್ನು ಒಂದೇ ಉಸಿರಲ್ಲಿ ಒಪ್ಪಿಸುತ್ತಿದ್ದರು. ಹೊಟ್ಟೆನೋವಿಗೆ ಔಷಧಿ ಕೊಳ್ಳಲು ಹೊರಟವರು ಅವರ ಪಟ್ಟಿ ಕಿವಿಗೆ ಬಿದ್ದು ಒಳಬಂದು ಎರಡೆರಡು ಊಟ ಮಾಡಿ ಹೋದದ್ದುಂಟು. ಅಡುಗೆ ಮಾಡಿದವರು ಬೇರೆ, ತಿಂದವರು ಬೇರೆ. ಅವರು ಹೇಳಿದವರು, ಅಷ್ಟೆ. ಈಗ ಹೆಗಲ ಮೇಲಿನ ಟವಲನ್ನು ಕೊಡವಿ ಮೊಮ್ಮಗಳ ಮುಂದೆ ಬಗ್ಗಿದರು.

“ಏನ್ ಕೊಡ್ಲಿ ಅಮ್ಮಾವ್ರೇ?”

ಗುಬ್ಬಿ ಕಿಸಕ್ಕನೆ ನಕ್ಕಳು. “ಏನಿದೆ?”

“ಏನಿಲ್ಲ ಕೇಳಿ! ಬೆಣ್ಣೇಲಿ ಹುರಿದ ಕೋಳಿಕಾಲಿದೆ, ಕಾಳುಮೆಣಸು ಮೆತ್ತಿದ ಮೀನಿದೆ, ಬೆಳ್ಳುಳ್ಳಿ ಹಾಕಿ ಬಾಡಿಸಿದ ಅಣಬೆ ಇದೆ, ಕೆನೆಹಾಲಲ್ಲಿ ಅದ್ದಿದ ಬಾಳೆಹಣ್ಣಿದೆ, ಈಗಷ್ಟೇ ಇಳಿಸಿದ್ದು, ಮುಟ್ಟಿದ್ರೆ ಕೈ ಸುಡುತ್ತೆ…”

ಅಷ್ಟು ಹೊತ್ತಿಗೆ ಚಿಟಿಕೆ ಒಳಗೆ ಹೋಗಿ ಸ್ಟವ್‌ಗೆ ಗಾಳಿ ಹೊಡೆದಳು. ಆ ಹಳೆಯ ಪಂಪ್ ಸ್ಟವ್ ಉರಿಯತೊಡಗಿದರೆ ವಿಮಾನ ಇಳಿದ ಹಾಗೆ. ಹೊರಗಿನ ಮಾತು ಒಂದೂ ಕೇಳುವುದಿಲ್ಲ. ಎಲ್ಲರಿಗೂ ಬಡಿಸಿ, ಕೊನೆಗೆ ಒಲೆಯ ಪಕ್ಕ ನಿಂತುಕೊಂಡೇ ಉಣ್ಣುವುದು ಅವಳ ರೂಢಿ. ಹೀಗಾಗಿ ಮಾವನ ಪಟ್ಟಿ ಅವಳ ಕಿವಿಗೆ ಪೂರ್ತಿ ಬೀಳಲಿಲ್ಲ. ಅದೊಂದೇ ಆ ಮನೆಯನ್ನು ಉಳಿಸಿತು ಎಂದರೂ ತಪ್ಪಿಲ್ಲ.

ತಟ್ಟೆ ತೆಗೆಯಲು ಬಂದಾಗ ನಾಲ್ಕೂ ತಟ್ಟೆ ನೆಕ್ಕಿಟ್ಟ ಹಾಗಿದ್ದವು. ಗುಬ್ಬಿ ಬೆರಳು ಚೀಪುತ್ತಿದ್ದಳು. ಗಂಡನ ತಲೆ ಎದ್ದಿತ್ತು. ಅತ್ತೆ ಕಡ್ಡಿ ಹಿಡಿದು ಹಲ್ಲಿನ ಸಂದಿಯನ್ನು ಕೆದಕುತ್ತಿದ್ದರು.

“ಬೇಳೆ ಹಲ್ಲಿಗೆ ಸಿಕ್ಕಿಕೊಳ್ತಾ ಅತ್ತೆ?”

“ಬೇಳೆ ಎಲ್ಲಿಂದ ಬಂತು? ಮೀನಿನ ಮುಳ್ಳು ಕಣೇ,” ಎಂದು ಅತ್ತೆ ನಗದೆ ಹೇಳಿದರು.

ಮುದುಕರ ಆಟ, ಆಡಲಿ ಎಂದುಕೊಂಡಳು ಚಿಟಿಕೆ.

ಆಟ ದಿನವೂ ನಡೆಯಿತು. ಅವಳು ಒಳಗೆ ಸ್ಟವ್ ಹಚ್ಚುವುದು, ಹೊರಗೆ ಮಾವ ಟವಲು ಕೊಡವುವುದು. ತಟ್ಟೆಗಳು ಖಾಲಿಯಾಗಿ ಬರುತ್ತಿದ್ದವು, ‘ಇನ್ನಷ್ಟು’ ಎಂಬ ಮಾತು ನಿಂತಿತು. ಚಿಟಿಕೆ ಚಿಟಿಕೆಯೇ ತಾನೇ? ಅಂಥ ಕೈ ಸುಮ್ಮನಿದ್ದೀತೆ? ಒಂದು ದಿನ ಅಕ್ಕಿ ಅಳೆಯುವಾಗ ಒಂದು ಹಿಡಿ ವಾಪಸ್ಸು ಸುರಿದಳು. ಯಾರೂ ಏನೂ ಅನ್ನಲಿಲ್ಲ. ಇನ್ನೊಂದು ದಿನ ಎರಡು ಹಿಡಿ. ಬೇಳೆಯ ನೀರು ಎಷ್ಟು ತೆಳುವಾಯಿತೆಂದರೆ ಪಾತ್ರೆಯೊಳಗೆ ಬಗ್ಗಿ ಹಣೆಯ ಕೂದಲು ತಿದ್ದಿಕೊಳ್ಳಬಹುದಿತ್ತು. ಆಗಲೂ ಗಂಡ ಹೊಟ್ಟೆ ಸವರಿಕೊಂಡು ಎದ್ದ. ಉಳಿಸಿದ್ದನ್ನು ಅವಳು ಅಟ್ಟದ ಮೇಲೆ ಬೇರೊಂದು ಡಬ್ಬಿಯಲ್ಲಿ ತುಂಬಿಟ್ಟಳು, ಇದಕ್ಕಿಂತ ಕಷ್ಟಕಾಲ ಬಂದರೆ ಇರಲಿ ಎಂದು. ಡಬ್ಬಿ ತುಂಬುತ್ತ ಬಂದ ಹಾಗೆ ಅವಳ ಮುಖ ಅರಳುತ್ತ ಬಂತು. ಅಂಗಡಿಯವನ ಮುಂದೆ ಜಂಬ ಕೊಚ್ಚಿದಳು.

“ಏನಮ್ಮ, ಅಕ್ಕಿ ತಗೊಂಡು ತುಂಬ ದಿನ ಆಯ್ತಲ್ಲ?” ಎಂದು ಅವನು ಕೇಳಿದ್ದ.

“ಮನೆ ನಡೆಸೋದು ಗೊತ್ತಿರಬೇಕು ಅಣ್ಣ. ಐದು ಜನ ಉಂಡು ಡರ್ರಂತ ತೇಗ್ತೀವಿ.”

ತೇಗಿನ ಮಾತು ಸುಳ್ಳಲ್ಲ. ಆದರೆ ಗಂಡನ ತೇಗಿನಲ್ಲಿ ಬೆಣ್ಣೆ, ಕಾಳುಮೆಣಸಿನ ವಾಸನೆ ಇತ್ತು. ಆ ಮನೆಗೆ ಬೆಣ್ಣೆ ಬಂದು ಎಷ್ಟು ಕಾಲವಾಗಿತ್ತೋ. ಒಗೆಯಲು ಹಾಕಿದ ಅವನ ಅಂಗಿಯ ಎದೆಯ ಮೇಲೆ ಹಳದಿ ಜಿಡ್ಡಿನ ಕಲೆ. ಸೋಪು ಉಜ್ಜಿದಳು, ಬೂದಿ ಉಜ್ಜಿದಳು, ಹೋಗಲಿಲ್ಲ. ಟೈಲರಮ್ಮ ಗೋಡೆಯ ಆಚೆಯಿಂದ ಕತ್ತು ಚಾಚಿದಳು.

“ಏನ್ರೀ, ದಿನಾ ಮೀನಾ ನಿಮ್ಮನೇಲಿ? ಕೆಲಸ ಹೋದೋರ ಮನೆ ಹಾಗಾ ಇದು? ವಾಸನೆಗೆ ನನ್ನ ಮಿಷನ್ನೇ ದಾರಿ ತಪ್ಪಿ ಹೊಲೀತಿದೆ.”

“ಯಾರ ಮನೇದೋ ಇರ್ಬೇಕು,” ಎಂದಳು ಚಿಟಿಕೆ. ಅಂಗಿಯ ಕಲೆಯನ್ನು ಬಕೆಟ್ಟಿನ ನೀರಲ್ಲಿ ಮುಳುಗಿಸಿ ಹಿಡಿದಳು.

ಅದೇ ಮಧ್ಯಾಹ್ನ ಬೀದಿಯ ಬೆಕ್ಕು ಒಳಗೆ ಬಂತು. ಗುಬ್ಬಿ ತಟ್ಟೆಯ ಪಕ್ಕ ನೆಲದ ಮೇಲೆ ಏನನ್ನೋ ಎತ್ತಿಡುವವಳಂತೆ ಬೆರಳು ಜೋಡಿಸಿ ಇಟ್ಟಿದ್ದಳು. ಅಲ್ಲಿ ಏನೂ ಇರಲಿಲ್ಲ. ಬೆಕ್ಕು ಆ ಜಾಗ ಮೂಸಿ, ತಲೆ ವಾರೆ ಮಾಡಿ, ಕಟಕಟ ಅಗಿಯಿತು. ಆಮೇಲೆ ಬಾಯಿಯನ್ನು ಅರ್ಧ ತೆರೆದುಕೊಂಡೇ, ಏನನ್ನೋ ಕಚ್ಚಿಕೊಂಡ ಹಾಗೆ, ಬಾಗಿಲು ದಾಟಿ ಹೋಯಿತು.

ಮನೆಯಲ್ಲಿ ಜಗಳ ನಿಂತುಹೋಯಿತು. ಜಗಳಕ್ಕೂ ಒಂದಿಷ್ಟು ಹಸಿವು ಬೇಕಲ್ಲ. ಅತ್ತೆ ಚುಚ್ಚುವುದು ಬಿಟ್ಟರು. ಪಾತ್ರೆ ಬೆಳಗುವಾಗ ಅವರ ಉಂಗುರ ತಾನಾಗಿಯೇ ಜಾರಿ ಮೋರಿಗೆ ಬಿತ್ತು. ಅವರು ಅತ್ತ ನೋಡಲೂ ಇಲ್ಲ, ಚಿಟಿಕೆಯೇ ಕೈ ಹಾಕಿ ತೆಗೆದಳು. ಗಂಡ ಕೆಲಸ ಹುಡುಕಿ ಹೋಗುವುದನ್ನು ಬಿಟ್ಟ. ಹಳೆಯ ಮೇಸ್ತ್ರಿಯೊಬ್ಬ ಬಾಗಿಲಿಗೇ ಬಂದು, “ಮರದ ಡಿಪೋದಲ್ಲಿ ಲೋಡಿಂಗ್‌ಗೆ ಆಳು ಬೇಕಂತೆ, ಬರ್ತೀಯೇನೋ?” ಎಂದು ಕರೆದ.

“ಹೊಟ್ಟೆ ಭಾರ ಆಗಿದೆ ಮೇಸ್ತ್ರಿ. ನಾಳೆ ನೋಡೋಣ,” ಎಂದು ಚಾಪೆಯ ಮೇಲೆ ಮಗ್ಗುಲಾದ. ಹಾಗೆಂದವನ ಪ್ಯಾಂಟು ಸೊಂಟದಲ್ಲಿ ನಿಲ್ಲದೆ ಹಗ್ಗ ಬಿಗಿದಿತ್ತು.

“ರೀ, ನಿಮಗೇನಾಗಿದೆ? ಮೈಯೆಲ್ಲ ಮೂಳೆ ಕಾಣ್ತಿದೆ!”

“ನೀನು ಚೆನ್ನಾಗಿ ಉಣ್ಣಲ್ಲ, ಅದಕ್ಕೆ ಕಣ್ಣು ಮಂಜಾಗಿದೆ,” ಎಂದು ನಿದ್ದೆಗೆ ಜಾರಿದ.

ಗುಬ್ಬಿ ನಡೆದರೆ ಹೆಜ್ಜೆ ಸಪ್ಪಳವಾಗುತ್ತಿರಲಿಲ್ಲ. ಮೊದಲು ಆ ಹುಡುಗಿ ಓಡಿದರೆ ಪಾತ್ರೆಗಳೆಲ್ಲ ಗೂಡಿನಿಂದ ಇಣುಕುತ್ತಿದ್ದವು. ಈಗ ಅವಳು ಹಿಂದೆ ಬಂದು ನಿಂತದ್ದೂ ತಿಳಿಯುತ್ತಿರಲಿಲ್ಲ. ಲಂಗದ ಸೊಂಟಕ್ಕೆ ಚಿಟಿಕೆ ಒಂದು ಪಿನ್ನು ಹಾಕಿದಳು, ಆಮೇಲೆ ಇನ್ನೊಂದು. ಹಾಕುವಾಗೆಲ್ಲ ಅಟ್ಟದ ಡಬ್ಬಿ ನೆನಪಾಗುತ್ತಿತ್ತು. ಇಷ್ಟು ಚೆನ್ನಾಗಿ ತಟ್ಟೆ ಖಾಲಿ ಮಾಡುವ ಮಗುವಿಗೆ ಏನಾಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು.

ಆ ಸಮಾಧಾನವನ್ನು ಶಾಲೆಯ ಟೀಚರ್ ಬಂದು ಮುರಿದರು. ಗುಬ್ಬಿಯನ್ನು ತಾವೇ ಎತ್ತಿಕೊಂಡು ಬಂದಿದ್ದರು.

“ಸಾಲಲ್ಲಿ ನಿಂತಿದ್ಳು. ಗಾಳಿ ಬೀಸ್ತು, ಬಿದ್ಳು. ಎತ್ತಿಕೊಂಡ್ರೆ ಬರೀ ಯೂನಿಫಾರ್ಮ್ ಎತ್ತಿಕೊಂಡ ಹಾಗಾಯ್ತು ಕಣ್ರೀ. ಬೆಳಿಗ್ಗೆ ಏನು ತಿಂದೆ ಅಂದ್ರೆ ಕೋಳಿ ಅಂತಾಳೆ. ಬಾಯಲ್ಲಿ ಬೆಣ್ಣೆ ವಾಸನೆ ಬೇರೆ ಬರ್ತಿತ್ತು.” ಟೀಚರ್ ಮನೆಯ ನಾಲ್ಕು ಮೂಲೆ ನೋಡಿದರು. “ಎರಡು ದಿನ ನೋಡಿ. ಹೀಗೇ ಇದ್ರೆ ಆಸ್ಪತ್ರೆಗೆ ಸೇರಿಸಿ. ಇಂಥ ಮಕ್ಕಳು ದೀಪದ ಹಾಗೆ. ಯಾವಾಗ ಆರುತ್ತೆ ಗೊತ್ತಾಗಲ್ಲ.”

ಚಿಟಿಕೆ ಅಂದು ಸಂಜೆ ಅಳತೆ ಮರೆತಳು. ಅಟ್ಟದ ಡಬ್ಬಿ ಇಳಿಸಿ ಪಾತ್ರೆ ತುಂಬ ಅನ್ನ ಮಾಡಿದಳು, ಬೇಳೆಯನ್ನು ಗಟ್ಟಿಯಾಗಿ ಬೇಯಿಸಿದಳು, ಎಣ್ಣೆಯ ಬಾಟಲಿಯನ್ನು ಬಗ್ಗಿಸಿದಳು. ತುತ್ತು ಕಟ್ಟಿ ಮಗಳ ಬಾಯಿಗಿಟ್ಟಳು. ಗುಬ್ಬಿ ಅಗಿದಳು. ಕಣ್ಣು ದೊಡ್ಡದು ಮಾಡಿ ಥೂ ಎಂದು ಉಗಿದಳು.

“ಮಣ್ಣು! ಅಮ್ಮ ಮಣ್ಣು ತಿನ್ನಿಸ್ತಿದಾಳೆ!”

ಅತ್ತೆ ಒಂದಗುಳು ಬಾಯಿಗೆ ಹಾಕಿ ಮುಖ ಕಿವುಚಿದರು. “ನಿಜಾನೇ ಹೇಳ್ತಿದೆ ಮಗು. ಮರಳು ಮರಳು. ಇದನ್ನ ನಾಯಿ ಮೂಸಲ್ಲ.”

“ಅಕ್ಕಿ ಅತ್ತೆ ಇದು! ಒಳ್ಳೇ ಅಕ್ಕಿ!”

“ನಮಗೆ ತಾತ ಕೊಡ್ತಾರೆ,” ಎಂದಳು ಗುಬ್ಬಿ.

ಗಂಡ ಚಾಪೆಯಿಂದ ತಲೆ ಎತ್ತಿದ. “ಯಾಕೆ ಗಲಾಟೆ? ಮೊದಲ ಸಲ ಈ ಮನೇಲಿ ಎಲ್ಲರೂ ಹೊಟ್ಟೆ ತುಂಬ ಉಣ್ತಿದೀವಿ. ನಿನಗೆ ಅದನ್ನ ನೋಡಕ್ಕಾಗಲ್ಲ ಅಲ್ವಾ?”

ಸೊಸೆ ಮೂಲೆಯಲ್ಲಿದ್ದ ಮಾವನತ್ತ ತಿರುಗಿದಾಗ ಅವರು ಟವಲಿನಲ್ಲಿ ಮುಖ ಒರೆಸಿಕೊಂಡರು.

ಮಾರನೆಯ ದಿನ ಅವಳು ಅಂಗಡಿಯವನ ಹತ್ತಿರ ಹೋಗಿ ಬಟಾಣಿಯ ಚೀಲದ ಕಲ್ಲು ಆರಿಸಿಕೊಟ್ಟಳು. ಕೂಲಿಯಾಗಿ ಮೊಟ್ಟೆ ಬೇಡಿದಳು. ಮೊಟ್ಟೆಯನ್ನಾದರೂ ಮಗು ನುಂಗೀತು ಎಂಬ ಆಸೆ. ಆ ಚೀಲದಲ್ಲಿ ಬಟಾಣಿಗಿಂತ ಕಲ್ಲೇ ಹೆಚ್ಚು, ಮನೆ ಕಟ್ಟಿಸಬಹುದಿತ್ತು. ಕೆಲಸ ಮುಗಿದು ಎರಡು ಮೊಟ್ಟೆಗಳನ್ನು ಅಂಗೈಯಲ್ಲಿ ಹಿಡಿದು ಮನೆಗೆ ಬರುವಾಗ ಊಟದ ಹೊತ್ತು ಮೀರಿತ್ತು. ಅಯ್ಯೋ, ಬೆಳಿಗ್ಗೆಯಿಂದ ಒಲೆಯನ್ನೇ ಹಚ್ಚಿಲ್ಲವಲ್ಲ, ಎಲ್ಲ ಕಾದು ಕೂತಿರುತ್ತಾರೆ ಎಂದುಕೊಂಡು ಬಾಗಿಲು ತಳ್ಳಿದಳು.

ಎಲ್ಲರೂ ಊಟಕ್ಕೆ ಕೂತಿದ್ದರು.

ಹೊರಗೆ ಬಿಸಿಲು ಸುರಿಯುತ್ತಿತ್ತು, ಮನೆಯೊಳಗೆ ನೆರಳಿನ ಚೂರೂ ಇರಲಿಲ್ಲ. ತೊಳೆದ ತಟ್ಟೆಗಳು ಫಳಫಳ ಹೊಳೆಯುತ್ತಿದ್ದವು. ತಟ್ಟೆಯಲ್ಲಿ ಏನೂ ಇರಲಿಲ್ಲ. ಮಾವ ಖಾಲಿ ಸೌಟನ್ನು ಖಾಲಿ ಪಾತ್ರೆಯಲ್ಲಿ ಅದ್ದಿ, ಮೇಲೆತ್ತಿ, ಚೆಲ್ಲದ ಹಾಗೆ ತಟ್ಟೆಯ ಮೇಲೆ ಬಗ್ಗಿಸುತ್ತಿದ್ದರು. ಗಂಡ ಏನನ್ನೋ ಕಲಸಿ, ತುತ್ತು ಮಾಡಿ, ಬಾಯಿಗಿಟ್ಟು ಅಗಿದ. ಅತ್ತೆ ಬೆರಳಿನಿಂದ ಮುಳ್ಳು ಬಿಡಿಸಿದರು. ಗುಬ್ಬಿಯ ಗದ್ದದ ಮೇಲೆ ಬೆಣ್ಣೆ ಇಳಿಯುತ್ತಿತ್ತು, ಬಿಸಿಲಿಗೆ ಮಿನುಗುತ್ತಿತ್ತು. ಅಗಿಯುವ ಸದ್ದು ಮಾತ್ರ ಕೇಳುತ್ತಿತ್ತು.

ಸ್ಟವ್ ಉರಿಯುತ್ತಿರಲಿಲ್ಲ. ಮಾವನ ಮಾತು ಮೊದಲ ಬಾರಿಗೆ ಅವಳ ಕಿವಿಗೆ ಸಲೀಸಾಗಿ ಬಂತು.

“ಬನ್ನಿ ಅಮ್ಮಾವ್ರೇ, ಕೂತ್ಕೊಳ್ಳಿ. ನಿಮ್ಮನ್ನ ನಿಂತ್ಕೊಂಡು ಉಣ್ಣೋಕೆ ಬಿಟ್ಟಿದ್ದು ಯಾರು? ಏನ್ ಕೊಡ್ಲಿ? ಬಿಸಿ ಬಿಸಿ ಅನ್ನ ಇದೆ, ಅದರ ಮೇಲೆ ಒಡೆದು ಹಾಕಿದ ಮೊಟ್ಟೆ ಇದೆ, ಅಂಚೆಲ್ಲ ಗರಿಗರಿ, ನಡುವೆ ಮೆತ್ತಗೆ. ನೀವು ಮಾಡಿದ್ದಲ್ಲ ಅಮ್ಮಾವ್ರೇ. ಬೇರೆ ಯಾರೋ ಮಾಡಿದ್ದು. ನಿಮಗೋಸ್ಕರ ಮಾಡಿ, ಮುಚ್ಚಿಟ್ಟಿದ್ದು…”

“ಬಾ ಅಮ್ಮ,” ಎಂದು ಗುಬ್ಬಿ ಪಕ್ಕಕ್ಕೆ ಸರಿದಳು.

ಬೇರೆ ಯಾರೋ ಮಾಡಿದ್ದು! ಆ ಮಾತಿಗೆ ಅವಳು ಕೂರಲು ಬಗ್ಗಿದಳು. ಎಷ್ಟು ವರ್ಷವಾಗಿತ್ತು ಯಾರಾದರೂ ತಟ್ಟೆ ಇಟ್ಟು ಅವಳನ್ನು ಕೂರಿಸಿ! ಮೂಗಿಗೆ ಘಮಲು ಬಡಿಯಿತು. ತಟ್ಟೆಯ ಮೇಲೆ ಆವಿ ಎದ್ದಿತು, ಆಣೆ ಮಾಡಿ ಹೇಳಬಹುದು, ಎದ್ದಿತು. ಅವಳ ಬಲಗೈ ತಾನಾಗಿಯೇ ಮುಂದೆ ಹೋಯಿತು, ಎಡಗೈ ಮುಷ್ಟಿಯಾಯಿತು. ಮುಷ್ಟಿಯೊಳಗೆ ಎರಡೂ ಮೊಟ್ಟೆಗಳು ಚಟ್ಟೆಂದು ಒಡೆದವು.

ತಣ್ಣನೆಯ ಲೋಳೆ ಬೆರಳ ಸಂದಿಯಿಂದ ಮಣಿಕಟ್ಟಿಗೆ ಇಳಿಯಿತು. ಹಸಿ ಮೊಟ್ಟೆಯ ಕೊಳಕು ವಾಸನೆ. ಅದಕ್ಕಿಂತ ಒಳ್ಳೆಯ ವಾಸನೆಯನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಆವಿ ಮಾಯವಾಯಿತು. ತನ್ನತ್ತ ಚಾಚಿದ ಮಗಳ ತೋಳು ಕಂಡಿತು, ಒಣಗಿಸಲು ಹಾಕಿದ ತೊಗಟೆಯಂಥ ತೋಳು. ಚಿಟಿಕೆ ಹಾಗೇ ಹಿಂದಕ್ಕೆ ಹೆಜ್ಜೆಯಿಟ್ಟು ಅಂಗಳಕ್ಕೆ ಹೋಗಿ, ನಲ್ಲಿಯ ಕಟ್ಟೆ ಹಿಡಿದು ನಿಂತಳು.

ಊಟ ಮುಗಿದ ಮೇಲೆ ಮಾವ ತಟ್ಟೆಗಳನ್ನು ಹಳೆಯ ರೂಢಿಯಂತೆ ಎಡಗೈ ಮೇಲೆ ಪೇರಿಸಿಕೊಂಡು ತೊಳೆಯಲು ಬಂದರು. ತೊಳೆಯಲು ಏನಿತ್ತು! ಬಿಸಿಲಲ್ಲಿ ನೋಡಿದಳು. ಮಾವನ ಕೆನ್ನೆ ಒಳಕ್ಕೆ ಬಿದ್ದಿತ್ತು. ಎಲ್ಲರಿಗಿಂತ ಸೊರಗಿದವರು ಅವರೇ.

“ಮಾವ, ನೀವು ಏನು ತಿಂತೀರಿ?”

ಮುದುಕರು ನಲ್ಲಿ ತಿರುಗಿಸಿದರು. “ಸಪ್ಲೈಯರ್ ಗಿರಾಕಿ ಮುಂದೆ ತಿಂತಾನೇನಮ್ಮ? ನನ್ನ ಪಾಲೂ ಅವರಿಗೇ ಬಡಿಸ್ತಿದ್ದೆ.”

“ಹಾಗಾದ್ರೆ ನಿಮಗೆ ಹಸಿವಾಗುತ್ತೆ.”

“ಹೊಟ್ಟೆ ಒಳಗೆ ಇಲಿ ಓಡಾಡೋದು ನಿಂತು ಇಲಿಗಳೇ ಸತ್ತುಹೋದವು. ಎಲ್ಲರಿಗೂ ನಾನು ಹೇಳ್ತೀನಿ, ನನಗೆ ಹೇಳೋರು ಯಾರಿದಾರೆ?” ನಕ್ಕರು. ನಗು ಅರ್ಧಕ್ಕೆ ಒಣಗಿತು. “ಅವತ್ತು ನನ್ನ ಮಗ ತಲೆ ಬಗ್ಗಿಸಿದ ನೋಡು. ಹೆತ್ತವನಿಗೆ ತಡೆಯಕ್ಕಾಗಲಿಲ್ಲ. ಎರಡು ಮಾತು ಹೇಳಿದೆ, ತಲೆ ಎತ್ತಿದ. ಇಷ್ಟಕ್ಕೆಲ್ಲ ಹೋಗುತ್ತೆ ಅಂತ ಯಾರಿಗೆ ಗೊತ್ತಿತ್ತು?”

“ನಿಲ್ಲಿಸಿ ಮಾವ. ಗುಬ್ಬಿ ಉಳಿಯಲ್ಲ.”

“ಬಾಯಿ ಮುಚ್ಚಿ ನೋಡಿದೆ. ನಾನು ಸುಮ್ಮನಿದ್ರೂ ಕೂತ್ಕೊಂಡು ನಿನ್ನೆ ಹೇಳಿದ್ದನ್ನೇ ತಿಂತಾರೆ.”

“ಹಾಗಾದ್ರೆ ಸುಮ್ಮನಿರಬೇಡಿ. ಇಲ್ಲ ಅನ್ನಿ. ಕೋಳಿ ಇಲ್ಲ, ಮೀನಿಲ್ಲ, ಏನೂ ಇಲ್ಲ ಅಂತ ಬಾಯಿಬಿಟ್ಟು ಹೇಳಿ.”

ಮಾವ ನೀರಿನಿಂದ ಕೈ ತೆಗೆದರು. “ನಲವತ್ತು ವರ್ಷದಲ್ಲಿ ಒಬ್ಬ ಗಿರಾಕಿಗೂ ನಾನು ಇಲ್ಲ ಅಂದವನಲ್ಲ. ಒಲೆ ಆರಿದ ಮೇಲೆ ಬಂದವರಿಗೂ ಏನೋ ಒಂದು ಇದೆ ಅಂತ ಕೂರಿಸ್ತಿದ್ದೆ.”

“ಅವರು ಗಿರಾಕಿಗಳಲ್ಲ. ನಿಮ್ಮ ಮಕ್ಕಳು.”

ಮಾವ ನಲ್ಲಿ ತಿರುಗಿಸಿ ನಿಲ್ಲಿಸಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು.

“ಹೇಳಿಬಿಡ್ತೀನಿ ಅಂತಿಟ್ಕೋ. ಇಷ್ಟು ದಿನ ಉಂಡಿದ್ದಕ್ಕೆಲ್ಲ ಬಿಲ್ಲು ಬರುತ್ತೆ ಕಣಮ್ಮ. ಎಲ್ಲಾ ಹಸಿವೂ ಒಟ್ಟಿಗೆ ಬರುತ್ತೆ. ನಿನ್ನ ಹತ್ರ ಏನಿದೆ ಕೊಡೋಕೆ?”

“ಇರೋದನ್ನೆಲ್ಲ ಬೇಯಿಸ್ತೀನಿ.”

ಬೇಯಿಸಿದಳು. ಚಿಟಿಕೆ ಎಂಬ ಹೆಸರಿನವಳು ಅಂದು ಡಬ್ಬಿಗಳನ್ನು ತಲೆಕೆಳಗು ಮಾಡಿದಳು. ಟೈಲರಮ್ಮನ ದೊಡ್ಡ ಪಾತ್ರೆ ಕಡ ತಂದು ಅಕ್ಕಿ ಸುರಿದಳು. ಬೇಳೆ, ಬಟಾಣಿ ಎಲ್ಲ ಕೂಡಿಯೇ ಬೆಂದವು. ಉಳಿದ ಹಿಟ್ಟೆಲ್ಲ ರೊಟ್ಟಿಯಾಯಿತು. ಆಲೂಗಡ್ಡೆಯನ್ನು ಸಿಪ್ಪೆ ಸಮೇತ ಬೇಯಿಸಿದಳು. ಎಲ್ಲವನ್ನೂ ನಡುಮನೆಗೆ ತಂದಿಟ್ಟು, ಸ್ಟವ್ ಆರಿಸಿ, ನಾಲ್ಕಲ್ಲ, ಐದು ತಟ್ಟೆ ಹಾಕಿದಳು. ಮನೆಯವರು ಬಂದು ಕೂತರು. ಅನ್ನದ ಆವಿಯತ್ತ ಯಾರೂ ನೋಡಲಿಲ್ಲ. ಮಾವನ ಮುಖ ನೋಡುತ್ತ, ಬಾಯಿ ಅರ್ಧ ತೆರೆದು ಕಾದರು. ಮರಿಹಕ್ಕಿಗಳ ಹಾಗೆ.

“ತಾತ, ಇವತ್ತೇನಿದೆ?”

ಮಾವ ಹೆಗಲ ಟವಲನ್ನು ತೆಗೆದು ಮಡಚಿ ಕೆಳಗಿಟ್ಟರು.

“ಅನ್ನ ಇದೆ.”

“ಆಮೇಲೆ?”

“ಬೇಳೆ ಇದೆ, ಬಟಾಣಿ ಹಾಕಿದ್ದು. ರೊಟ್ಟಿ ಇದೆ, ಒಂದು ಕಡೆ ದಪ್ಪ. ಆಲೂಗಡ್ಡೆ ಇದೆ.”

“ಕೋಳಿ?”

“ಇಲ್ಲ.”

“ಮೀನು?” ಎಂದರು ಅತ್ತೆ.

“ಇಲ್ಲ ಕಣೇ. ಇರಲೇ ಇಲ್ಲ. ಒಂದು ದಿನಾನೂ ಇರಲಿಲ್ಲ.”

ಆಚೆ ಮನೆಯ ಹೊಲಿಗೆ ಮಿಷನ್ನು ನಿಂತಿತು. ಎಲ್ಲಿಂದಲೋ ಒಂದು ಸದ್ದು ಶುರುವಾಯಿತು, ಬಾವಿಗೆ ದೊಡ್ಡ ಕಲ್ಲು ಉರುಳಿಸಿದ ಹಾಗೆ, ಬಲು ಆಳದಿಂದ. ಅದು ಗಂಡನ ಹೊಟ್ಟೆ. ಅದಕ್ಕೆ ಅತ್ತೆಯ ಹೊಟ್ಟೆ ಉತ್ತರ ಕೊಟ್ಟಿತು. ಗೂಡಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ಗುಬ್ಬಿ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಳು. ಅವಳ ಮುಖ ಮುದುಡಿತು, ಬಾಯಿ ತೆರೆಯಿತು, ಮೊದಲು ಸ್ವರವೇ ಬರಲಿಲ್ಲ. ಬಂದಾಗ ಮೂರು ಬೀದಿಯ ನಾಯಿಗಳು ಒಟ್ಟಿಗೆ ಬೊಗಳಿದವು.

“ಅಮ್ಮಾ, ಹಸಿವೂ!”

ಇಷ್ಟು ದಿನ ಅವಳು ಆ ಮಾತು ಆಡಿರಲಿಲ್ಲ. ಚಿಟಿಕೆ ಅಳುತ್ತಲೇ ತುತ್ತಿಟ್ಟಳು. ಗುಬ್ಬಿ ಉಗಿಯಲಿಲ್ಲ. ನುಂಗಿ ಬಾಯಿ ತೆರೆದಳು, ನುಂಗಿ ಬಾಯಿ ತೆರೆದಳು.

“ಮೆಲ್ಲಗೆ ಕಂದಾ, ಮೆಲ್ಲಗೆ. ಮಧ್ಯೆ ನೀರು ಕುಡಿ.”

ಗಂಡ ಎರಡೂ ಕೈಯಲ್ಲಿ ಬಾಚುತ್ತಿದ್ದ, ರೊಟ್ಟಿಯನ್ನು ಮುರಿಯದೆ ಇಡಿಯಾಗಿ ತುರುಕುತ್ತಿದ್ದ, ಕಣ್ಣಿಂದ ನೀರು ತಟ್ಟೆಗೇ ಬೀಳುತ್ತಿತ್ತು. ಅತ್ತೆ ಆಲೂಗಡ್ಡೆಯನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಕಚ್ಚುತ್ತಿದ್ದರು.

“ಅಮ್ಮಾ, ಅದರಲ್ಲಿ ನಂಗೊಂದು ಕೊಡೇ,” ಎಂದ ಮಗ.

“ಕೈ ಹಾಕಿದ್ರೆ ಬೆರಳು ಕಚ್ತೀನಿ. ದುಡಿಯೋಕೆ ಹೋಗದೆ ಚಾಪೆ ಸವೆಸಿದವನೇ!”

“ಹೋಗ್ತೀನಿ. ಮರದ ಡಿಪೋಗೆ ಈಗಲೇ ಹೋಗ್ತೀನಿ. ಮೊದಲು ಒಂದು ಆಲೂಗಡ್ಡೆ ಕೊಡು!”

ಮನೆಯಲ್ಲಿ ಜಗಳ ವಾಪಸ್ಸು ಬಂದಿತ್ತು. ಆ ಕೆಟ್ಟ ಮಾತುಗಳನ್ನು ಚಿಟಿಕೆ ಸಂಗೀತದಂತೆ ಕೇಳಿದಳು. ಕೇಳುತ್ತ ಬಡಿಸಿದಳು. ಅಟ್ಟದ ಮೇಲೆ ಅವಳು ಕೂಡಿಟ್ಟ ಹಿಡಿ ಹಿಡಿ ಅಕ್ಕಿಯೂ, ಮನೆಯ ಅಕ್ಕಿಯೂ ಒಂದಾಗಿ ಆ ಮೂರು ಬಾಯೊಳಗೆ ಇಳಿದುಹೋಯಿತು. ಸೌಟು ತಳ ಕೆರೆಯಿತು. ಟೈಲರಮ್ಮನ ದೊಡ್ಡ ಪಾತ್ರೆ ಬರಿದಾಯಿತು. ಹಸಿವು ಬರಿದಾಗಿರಲಿಲ್ಲ. ಮಾವ ಹೇಳಿದ್ದ ಬಿಲ್ಲಿನಲ್ಲಿ ಇನ್ನೂ ಬಹಳ ಬಾಕಿಯಿತ್ತು.

ಗುಬ್ಬಿ ಖಾಲಿ ತಟ್ಟೆಯನ್ನು ನೆಕ್ಕಿ ತಲೆ ಎತ್ತಿದಳು. ಅಮ್ಮನನ್ನು ನೋಡಲಿಲ್ಲ, ಪಾತ್ರೆಯನ್ನು ನೋಡಲಿಲ್ಲ.

“ತಾತ, ಇನ್ನೇನಿದೆ?”

ಗಂಡನ ಅಗಿತ ನಿಂತಿತು. ಅತ್ತೆ ಸೆರಗು ಬಿಟ್ಟರು. ಎಲ್ಲರ ಕಣ್ಣೂ ಮಾವನ ತುಟಿಯ ಮೇಲೆ. ಮಾವನ ಎದೆ ಉಬ್ಬಿತು, ಪಟ್ಟಿ ಒಪ್ಪಿಸುವ ಮುಂಚೆ ತೆಗೆದು ಅಭ್ಯಾಸವಾದ ಆ ಉದ್ದ ಉಸಿರು. ನಾಲಿಗೆಯ ತುದಿ ಹಲ್ಲಿಗೆ ತಾಗಿದ್ದನ್ನು ಚಿಟಿಕೆ ಕಂಡಳು. ಮನೆಯೊಳಗೆ ಎಲ್ಲೋ ಬೆಣ್ಣೆ ಕರಗುವ ವಾಸನೆ ಎದ್ದಿತು.

ಅವಳು ಪಾತ್ರೆಯೊಳಗೆ ಕೈ ಹಾಕಿದಳು. ತಳಕ್ಕೆ ಹಿಡಿದಿದ್ದ ಸೀದ ಅನ್ನದ ಹಕ್ಕಳೆಯನ್ನು ಉಗುರಿನಿಂದ ಎಬ್ಬಿಸಿ, ತುತ್ತು ಮಾಡಿ, ಮಾವನ ತೆರೆದ ಬಾಯಿಗೆ ಒತ್ತಿಬಿಟ್ಟಳು.

“ಉಣ್ಣಿ ಮಾವ,” ಎಂದಳು. “ನಿಮ್ಮ ತಟ್ಟೆ ಇಲ್ಲಿದೆ. ಕೂತ್ಕೊಂಡು ಉಣ್ಣಿ.”

ಮುದುಕರ ಕಣ್ಣು ಮೇಲೆ ಹೋಯಿತು. ಬಾಯಿ ತುಂಬಿದವನು ಹೇಗೆ ತಾನೇ ಪಟ್ಟಿ ಒಪ್ಪಿಸಿಯಾನು? ನಿಧಾನವಾಗಿ ನೆಲಕ್ಕೆ ಕೂತರು, ಆಟ ಶುರುವಾದ ಮೇಲೆ ಮೊದಲ ಸಲ ಮನೆಯವರೆಲ್ಲರ ಮುಂದೆ ಅಗಿದರು. ಕರಕ್ ಕರಕ್ ಎಂಬ ಸದ್ದು ಮನೆ ತುಂಬಿತು. ಬೆಣ್ಣೆಯ ವಾಸನೆ ಬಾಗಿಲವರೆಗೆ ಹೋಗಿ, ಹೊಸ್ತಿಲಲ್ಲಿ ನಿಂತು, ಇಲ್ಲವಾಯಿತು.

ಮಾವ ನುಂಗಿದರು. ಸೊಸೆಯ ಮುಖ ನೋಡಿದರು.

“ಸೀದುಹೋಗಿದೆ ಕಣಮ್ಮ,” ಎಂದರು. “ಇನ್ನೊಂದು ತುತ್ತು ಇದೆಯಾ?”